ಎರಡು ಒಲೆ, ಒಂದು ಹಂಚು ಮತ್ತು ನನ್ನ ಕರ್ನೆಲ್

ಓದುಗರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕೈಗಳು ಹೆಚ್ಚಾದಷ್ಟೂ ಕೆಲಸ ಬೇಗ ಮುಗಿಯುತ್ತದೆ ಎಂದು ನಾನು ಇತ್ತೀಚಿನವರೆಗೂ ನಂಬಿದ್ದೆ. ಸದರಿ ನಂಬಿಕೆಯನ್ನು ಹಿಂಪಡೆಯಲು ಕಾರಣವಾದ ಸಂಗತಿಗಳನ್ನು ಈ ಮೂಲಕ ನಿವೇದಿಸುತ್ತಿದ್ದೇನೆ. ನಾನು ಇದುವರೆಗೆ ಬರೆದಿರುವುದೆಲ್ಲ ಕಾಲೇಜಿನ ಪತ್ರವ್ಯವಹಾರವೇ ಆದ್ದರಿಂದ, ಬರಹದಲ್ಲಿ ಕಡತದ ವಾಸನೆ ಬಂದರೆ ಮನ್ನಿಸಬೇಕು.

ನಾನು ನ್ಯಾಮತಿಯಿಂದ ದಿನವೂ ಬಸ್ಸಿನಲ್ಲಿ ಹೊನ್ನಾಳಿಗೆ ಹೋಗಿ ಕಂಪ್ಯೂಟರ್ ಪಾಠ ಹೇಳುವವನು. ಬಿಡುವಿನಲ್ಲಿ ಒಂದು ಪುಟ್ಟ ಕರ್ನೆಲ್ ಬರೆದಿದ್ದೇನೆ. ಕರ್ನೆಲ್ ಎಂದರೆ ಯಂತ್ರದೊಳಗಿನ ಮನೆ ಯಜಮಾನ. ಯಾವ ಕೆಲಸವನ್ನು ಯಾವ ಪ್ರೊಸೆಸರ್, ಅಂದರೆ ಯಂತ್ರದ ಯಾವ ಕೈ, ಯಾವಾಗ ಮಾಡಬೇಕೆಂದು ಹೇಳುವುದು ಅದರ ಹೊಣೆ. ಒಂದೇ ಪ್ರೊಸೆಸರ್ ಇದ್ದಾಗ ನನ್ನ ಯಜಮಾನ ಸುಖವಾಗಿದ್ದ. ಲ್ಯಾಪ್‌ಟಾಪಿನ ಎರಡನೆಯ ಪ್ರೊಸೆಸರನ್ನೂ ಎಬ್ಬಿಸಿದ ದಿನದಿಂದ ಹತ್ತು ನಿಮಿಷ ಓಡಿ ಕಲ್ಲಾಗಿ ನಿಲ್ಲತೊಡಗಿದ. ಶನಿವಾರ ಪ್ರಿನ್ಸಿಪಾಲರ ಮುಂದೆ ಕಾಲೇಜಿನ ಹೊಸ ಕಂಪ್ಯೂಟರ್ ಬೋರ್ಡಿನ ಮೇಲೆ ಅದನ್ನು ಓಡಿಸಿ ತೋರಿಸಬೇಕಿತ್ತು. ನಿಲ್ಲದೆ ಓಡಿದರೆ ಮಕ್ಕಳಿಗೆ ವಾರಕ್ಕೊಂದು ಕರ್ನೆಲ್ ಲ್ಯಾಬ್. ನಿಂತರೆ ಆ ಅವಧಿ ಟೈಪಿಂಗ್ ತರಗತಿಗೆ.

ಅದೇ ವಾರ ಮನೆಗೆ ಎರಡನೆಯ ಒಲೆ ತಂದಿದ್ದೆ. ನನ್ನ ಹೆಂಡತಿ ಗಿರಿಜಾ ಜಗಳೂರಿನವಳು. ಅನ್ನದ ಮನೆಯಾಗಿದ್ದ ನಮ್ಮಲ್ಲಿಗೆ ಜೋಳದ ರೊಟ್ಟಿ ತಂದವಳು ಅವಳೇ. ಅಲ್ಲಿಯ ಕೈ ಇಲ್ಲಿಯ ಒಲೆಗೆ ಹೊಂದಿಕೊಳ್ಳಲು ಒಂದು ವರ್ಷ ಹಿಡಿಯಿತು; ಒಂದು ಯಂತ್ರಕ್ಕೆಂದು ಬರೆದದ್ದನ್ನು ಇನ್ನೊಂದಕ್ಕೆ ಒಯ್ಯುವವರು ಈ ಅಂಶವನ್ನು ಗಮನದಲ್ಲಿಟ್ಟುಕೊಳ್ಳುವುದು ಸೂಕ್ತ. ಈಗ ಅವ್ವನೂ ರೊಟ್ಟಿ ಬಡಿಯುತ್ತಾಳೆ, ಸೊಸೆಗಿಂತ ತೆಳ್ಳಗೆ ಎಂಬುದು ಅವಳ ಅಭಿಪ್ರಾಯ. ಇಬ್ಬರೂ ಒಟ್ಟಿಗೆ ಬೇಯಿಸಿದರೆ ಏಳೂವರೆಯ ಬಸ್ಸು ನಿಶ್ಚಿಂತೆಯಿಂದ ಸಿಗುತ್ತದೆಂದು ಲೆಕ್ಕ ಹಾಕಿದೆ. ಗುರುವಾರ ಬಸ್ಸು ಹಾರ್ನ್ ಹೊಡೆದು ಹೋಯಿತು, ರೊಟ್ಟಿ ಬರಲಿಲ್ಲ. ಅಡಿಗೆಮನೆಗೆ ಇಣುಕಿದರೆ, ಅವ್ವನ ಒಲೆಯ ಮೇಲೆ ಖಾಲಿ ಹಂಚು ಕಾದು ಹೊಗೆಯಾಡುತ್ತಿದೆ. ಗಿರಿಜಾಳ ಮುಂದೆ ಮಣೆ, ಮಣೆಯ ಮೇಲೆ ಬಡಿದ ರೊಟ್ಟಿ ಒಣಗುತ್ತಿದೆ. ಇಬ್ಬರೂ ಕೈಕಟ್ಟಿ ಕುಳಿತಿದ್ದಾರೆ. ಮನೆಯಲ್ಲಿದ್ದದ್ದು ಒಂದೇ ಹಂಚು, ಒಂದೇ ಮಣೆ.

"ಅತ್ತೆ ಕಾಸಿಟ್ಟ ಹಂಚಿಗೆ ನಾ ಹೆಂಗೆ ಕೈ ಹಾಕ್ಲಿ ರೀ? ಅವರದು ಮುಗೀಲಿ ಅಂತ ಕುಂತೆ" ಎಂದಳು ಗಿರಿಜಾ.

"ಸೊಸೆ ಮುಂದಿನ ಮಣೆ ಕಸ್ಕೊಳಾಕೆ ನಾನೇನು ಗಯ್ಯಾಳಿ ಏನೋ? ಆಕಿದು ಮುಗೀಲಿ ಅಂತ ನಾನೂ ಕುಂತೆ" ಎಂದಳು ಅವ್ವ.

ಅತ್ತೆ ಸೊಸೆ ಜಗಳವಾಡದೆ ಮನೆ ಹಾಳಾಗುವುದನ್ನು ನಾನು ಅದೇ ಮೊದಲು ಕಂಡದ್ದು. ಆದರೆ ನನ್ನ ಪ್ರೊಸೆಸರುಗಳ ರೋಗವೂ ಅಲ್ಲೇ ಗೊತ್ತಾಯಿತು. ಅವೂ, ಒಂದು ಸಲಕ್ಕೆ ಒಬ್ಬರೇ ಬಳಸಲೆಂದು ನಾನು ಹಾಕಿಟ್ಟ ಬೀಗಗಳಲ್ಲಿ ತಲಾ ಒಂದೊಂದನ್ನು ಹಿಡಿದುಕೊಂಡು, ಇನ್ನೊಂದರ ಕೈಯಲ್ಲಿದ್ದ ಬೀಗಕ್ಕಾಗಿ ಮರ್ಯಾದೆಯಿಂದ ಕಾಯುತ್ತಿದ್ದವು. ಪರಿಹಾರ ಸರಳ: ಯಾರೇ ಆಗಲಿ ಮೊದಲು ಮಣೆ, ಆಮೇಲೆ ಹಂಚು; ಮಣೆ ಸಿಗದವರು ಹಂಚು ಮುಟ್ಟತಕ್ಕದ್ದಲ್ಲ. ಕರ್ನೆಲ್ಲಿನಲ್ಲಿ ಬೀಗಗಳಿಗೆ ಇದೇ ಕ್ರಮ ಹಾಕಿದೆ. ಶುಕ್ರವಾರವಿಡೀ ಅದು ನಿಲ್ಲದೆ ಓಡಿತು. ಹುಮ್ಮಸ್ಸಿನಲ್ಲಿ ಆ ಕ್ರಮವನ್ನೇ ಸುತ್ತೋಲೆಯಾಗಿ ಟೈಪು ಮಾಡಿ ಅಡಿಗೆಮನೆಯ ಗೋಡೆಗೂ ಅಂಟಿಸಿದೆ.

ಅವ್ವ ಕನ್ನಡಕ ಏರಿಸಿ ಓದಿದಳು. "ಉಲ್ಲೇಖ ಅಂತ ಬರ್ದೀಯಲ್ಲ, ಏನೋ ಅದು?"

"ಗುರುವಾರ ತಪ್ಪಿದ ಬಸ್ಸು, ಅವ್ವ."

"ಇಷ್ಟು ಬರೆಯೋ ಹೊತ್ನಾಗೆ ಅಂಗಡಿಗೆ ಹೋಗಿ ಇನ್ನೊಂದು ಮಣೆ ತರಬೋದಿತ್ತು" ಎಂದಳು ಗಿರಿಜಾ, ನನ್ನ ಕಡೆ ನೋಡದೆ.

ಶನಿವಾರ ಕರ್ನೆಲ್ ಹೊಸ ಬೋರ್ಡಿನ ಮೇಲೆ ಒಂದು ಗಂಟೆ ನಿಲ್ಲದೆ ಓಡಿತು. ನಾನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮುಂದಿನ ಬೆಂಚಿನ ರೂಪಾ ಎದ್ದುನಿಂತಳು. "ಸರ್, ಈ ಬೋರ್ಡ್‌ನಾಗೆ ನಾಲ್ಕು ಪ್ರೊಸೆಸರ್ ಐತಲ್ಲ ಸರ್, ಎರಡು ಸುಮ್ನೆ ಕುಂತಾವೆ." ನೋಡಿದೆ, ನಿಜ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಎರಡೇ. ಆದ್ದರಿಂದ ಲೋಕದಲ್ಲಿರುವುದೂ ಎರಡೇ ಎಂಬಂತೆ ಕೆಲಸ ಹಂಚುವ ಕಡೆ ಆ ಅಂಕಿಯನ್ನೇ ಬರೆದಿಟ್ಟಿದ್ದೆ. ಯಂತ್ರಕ್ಕೆ ಎಷ್ಟು ಕೈಗಳಿವೆ ಎಂದು ಕೇಳಿಯೇ ಇರಲಿಲ್ಲ. ನನ್ನ ಮುಖ ಸಣ್ಣದಾಯಿತು. ಪ್ರಿನ್ಸಿಪಾಲರು ಮಾತ್ರ ಲ್ಯಾಬಿನ ಹಾಳೆಗೆ ಸಹಿ ಹಾಕಿದರು. "ನಿಲ್ಲಲಿಲ್ಲವಲ್ಲ ಮೇಷ್ಟ್ರೇ, ಸಾಕು. ನಿಮ್ಮ ತಪ್ಪು ಹುಡುಕಾಕೆ ಹುಡುಗ್ರಿಗೆ ವಾರಕ್ಕೊಂದು ಅವಧಿ ಬೇಕೇ ಬೇಕು."

ಮನೆಗೆ ಬಂದು ನಡೆದದ್ದನ್ನೆಲ್ಲ ವರದಿ ಮಾಡಿದೆ. ಅವ್ವ ಜೋಳದ ಹಿಟ್ಟು ಜರಡಿ ಹಿಡಿಯುತ್ತಲೇ ಕೇಳಿಸಿಕೊಂಡಳು.

"ಆ ಎರಡಕ್ಕೆ ಯಾಕೆ ಕೆಲಸ ಹೇಳ್ಲಿಲ್ಲ ನೀನು?"

"ಇರೋದೇ ಎರಡು ಅಂತ ಎಣಿಸಿದ್ದೆ, ಅವ್ವ."

"ಇಲ್ಲೂ ಹಂಗೇ ಎಣಿಸೀಯಲ್ಲೋ" ಎಂದಳು ಅವ್ವ. "ಮನಿಯಾಗೆ ಮೂರು ಜನ ಅದೀವಿ."

ಗಿರಿಜಾ ರೊಟ್ಟಿ ಮಗುಚುವ ಕೈಯನ್ನು ತಂದು ನನ್ನ ಕೈಯಲ್ಲಿಟ್ಟಳು, ಅಷ್ಟೇ.

ಸೋಮವಾರದಿಂದ ಜಾರಿಗೆ ಬರುವಂತೆ ನನ್ನನ್ನು ಹಂಚಿನ ಮುಂದೆ ನಿಯೋಜಿಸಲಾಗಿದೆ. ಎರಡನೆಯ ಮಣೆ ಬಂದಿದೆ. ಅವರಿಬ್ಬರೂ ಹರಟುತ್ತ ಬಡಿಯುತ್ತಾರೆ, ಬೇಯಿಸುವುದು ನಾನು. ರೊಟ್ಟಿ ಉಬ್ಬಿದಾಗ ಒಳಗೊಳಗೇ ಹಿಗ್ಗಾಗುವುದೂ ಉಂಟು. ಆದರೆ ಈ ವಾರವೂ ಎರಡು ಸಲ ಬಸ್ಸು ತಪ್ಪಿದೆ. ಬಡಿದ ರೊಟ್ಟಿ ಹಿಡಿದು ಅತ್ತೆ ಸೊಸೆಯರಿಬ್ಬರೂ ಸಾಲಿನಲ್ಲಿ ಕಾಯುತ್ತಿರುವುದು ಈಗ ನನಗಾಗಿ. ಆದ ಕಾರಣ, ಈಗ ಬಸ್ಸು ತಪ್ಪುತ್ತಿರುವುದು ಯಾರಿಂದ ಎಂದು ಯಾರಾದರೂ ಕೇಳುವ ಮುನ್ನ, ಗೋಡೆಯ ಮೇಲಿನ ಸುತ್ತೋಲೆಯನ್ನು ನಾನೇ ಕಿತ್ತು ಒಲೆಯ ಕೆಳಗೆ ಹಾಸಿರುತ್ತೇನೆ.