ತೋಳಕ್ಕೊಂದು ರೊಟ್ಟಿ

ನಮ್ಮ ಸೋದರತ್ತೆಯಷ್ಟು ಸರಾಗವಾಗಿ ಸುಳ್ಳು ಹೇಳುವವರು ಇಡೀ ಬೆಳಗಾವಿಯಲ್ಲಿ ಇನ್ನೊಬ್ಬರಿರಲಿಲ್ಲ! ಆ ಸುಳ್ಳು ಕೇಳಲೆಂದೇ ದಿನಾ ಬೆಳಿಗ್ಗೆ ಮೂವತ್ತು ಜನ ಮೂಗು ಸೋರಿಸಿಕೊಂಡು ಬಂದು ಚಾಪೆಯ ಮೇಲೆ ಕೂಡುತ್ತಿದ್ದರು. ಮೂವತ್ತು ಅನ್ನುವುದು ನನ್ನ ನೆನಪು, ಇಪ್ಪತ್ತೂ ಇರಬಹುದು. ಎಲ್ಲರೂ ಐದು ವರ್ಷದೊಳಗಿನವರು. ಎಪ್ಪತ್ತರ ದಶಕದಲ್ಲಿ ಅತ್ತೆ ಅನಗೋಳದ ಓಣಿಯೊಂದರಲ್ಲಿ ಬಾಲವಾಡಿ ನಡೆಸುತ್ತಿದ್ದಳು.

ಅವಳ ಕಥೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಕಾಡಿನಂಚಿನ ಗುಡಿಸಲಲ್ಲೊಬ್ಬ ಅಜ್ಜಿ, ಅವಳನ್ನು ತಿನ್ನಲು ಬರುವ ತೋಳ. ನಿಮಗೂ ಗೊತ್ತಿರುವ ಕಥೆಯೇ. ಅತ್ತೆಯ ತೋಳ ಖಾನಾಪುರದ ಅಡವಿಯಿಂದ ನಡೆದು ಬಂದು ಬಾಗಿಲು ಬಡಿಯುತ್ತಿತ್ತು. ಮೊದಲು ಕೈಕಾಲು ತೊಳೆದುಕೊಂಡು ಬಾ ಅನ್ನುತ್ತಿದ್ದಳು ಅಜ್ಜಿ. ಆಮೇಲೆ ಜೋಳದ ರೊಟ್ಟಿ, ಝುಣಕ. ಉಂಡ ತೋಳ ತನ್ನ ತಾಟು ತಾನೇ ತೊಳೆದಿಟ್ಟು ಹೋಗುತ್ತಿತ್ತು! ನಮ್ಮ ಮನೆಯ ಗಂಡಸರು ಯಾರಾದರೂ ತೊಳೆದದ್ದುಂಟೇ?

ಖಾನಾಪುರದ ಕಡೆಯದಾದ್ದರಿಂದ ತೋಳ ಮರಾಠಿ ಆಡುತ್ತಿತ್ತು. ತಿನ್ನಲು ಬರುವವರೆಲ್ಲ ಮರಾಠಿಯವರೇನು ಎಂದು ಒಬ್ಬ ತಾಯಿ ಜಗಳಕ್ಕೆ ಬಂದಳು. ಮರುದಿನದಿಂದ ತೋಳಕ್ಕೆ ಕನ್ನಡ, ಅಜ್ಜಿಗೆ ಮರಾಠಿ. ಆಗ ಇನ್ನೊಂದು ಮಗುವಿನ ಅಪ್ಪ ಬಂದ. ಕೊನೆಗೆ ಇಬ್ಬರೂ ಎರಡೂ ಭಾಷೆ ಆಡತೊಡಗಿದರು. ಊರಿನ ದೊಡ್ಡವರಿಗೆ ಬಗೆಹರಿಯದ್ದನ್ನು ಒಂದು ತೋಳ ವಾರದಲ್ಲಿ ಬಗೆಹರಿಸಿತ್ತು.

ಮಕ್ಕಳು ಪುರಾವೆ ಕೇಳದೆ ಬಿಡುತ್ತಾರೆಯೇ? ಅತ್ತೆ ದಿನಾ ತನ್ನ ಡಬ್ಬಿಯಿಂದ ಒಂದು ರೊಟ್ಟಿ ತೆಗೆದು ಹಿತ್ತಲ ಕಿಟಕಿಯಲ್ಲಿಡುತ್ತಿದ್ದಳು. ಮರುದಿನ ಅದು ಇರುತ್ತಿರಲಿಲ್ಲ. ಓಣಿಯ ಕಂದು ನಾಯಿ ಮಾತ್ರ ದುಂಡಗಾಗುತ್ತ ಹೋಯಿತು.

ನಾನಾಗ ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ ಬಂದಿದ್ದೆ. ಕೆಲಸವಿರಲಿಲ್ಲ, ಅನುಮಾನಗಳು ಧಾರಾಳವಾಗಿದ್ದವು. ಮಕ್ಕಳಿಗೆ ಸತ್ಯ ಹೇಳಬೇಕೆಂದು ಅತ್ತೆಯೊಡನೆ ದಿನಾ ವಾದ. ಒಮ್ಮೆ ಅವಳು ಹಾಲಿನ ಪುಡಿ ಕಲಸಲು ಒಳಗೆ ಹೋದಾಗ ಚಾಪೆಯ ಮುಂದೆ ಕೂತು ಹೇಳಿಯೇಬಿಟ್ಟೆ: ತೋಳ ಅಜ್ಜಿಯನ್ನು ತಿಂದಿತು. ಕಥೆ ಮುಗಿಯಿತು.

ಒಬ್ಬ ಹುಡುಗಿ ಅಳಲಿಲ್ಲ, ಸುಮ್ಮನೆ ಬಾಗಿಲ ಕಡೆ ನೋಡಿದಳು. ಅವಳ ಅಜ್ಜಿ ಹಿಂದಿನ ವಾರವಷ್ಟೇ ತೀರಿಕೊಂಡಿದ್ದಳಂತೆ. ನನಗೇನು ಗೊತ್ತು? ನೀಲಿ ಫ್ರಾಕು ಹಾಕಿದ್ದಳು, ಹಸಿರೂ ಇರಬಹುದು. ಆ ನೋಟದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಅತ್ತೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

"ಈ ಮಾಮಾ ಅರ್ಧಾ ಕಥಿ ಹೇಳ್ಯಾನ. ತ್ವಾಳ ಬಾಯಿ ತಗದಿದ್ದು ಖರೇ. ಆದ್ರ ಬಾಯಾಗ ಬಿದ್ದದ್ದು ರೊಟ್ಟಿ."

ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಂಬತ್ತರ ದಶಕದಲ್ಲಿ ಅತ್ತೆಗೆ ಹೊಟ್ಟೆನೋವು ಶುರುವಾಯಿತು. ಆಸ್ಪತ್ರೆಯ ವರಾಂಡಾದಲ್ಲಿ ಡಾಕ್ಟರು ನನ್ನನ್ನು ಬದಿಗೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು: ಹೆಚ್ಚೆಂದರೆ ಮೂರು ತಿಂಗಳು. ಸತ್ಯವಾದಿಯಾದ ನಾನು ವಾರ್ಡಿನೊಳಗೆ ಹೋದೆ.

"ಏನಂದ್ರೋ ತಮ್ಮಾ?"

"ಸಣ್ಣ ಗಂಟೈತಂತ, ಅತ್ತಿ. ಗುಳಿಗಿ ತಗೊಂಡ್ರ ಕರಗತೈತಿ. ದೀಪಾವಳಿ ಆದಮ್ಯಾಲೆ ಬಾಲವಾಡಿ ತೆರೀಬಹುದಂತ."

ಅತ್ತೆ ನನ್ನ ಮುಖ ನೋಡಿದಳು.

"ತ್ವಾಳಕ್ಕ ರೊಟ್ಟಿ ಹಾಕಿದೇನೋ?"

ನಾನು ಕಿಟಕಿಯ ಕಡೆ ತಿರುಗಿದೆ.

"ಚಲೋ ಹೇಳಿದಿ. ಇನ್ನೊಮ್ಮಿ ಹೇಳು."

ಹೇಳಿದೆ. ಗಂಟು ಕರಗಿತು, ಬಾಲವಾಡಿ ತೆರೆಯಿತು, ತೋಳ ತಾಟು ತೊಳೆದಿಟ್ಟು ಹೋಯಿತು. ಅತ್ತೆ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಹೂಂಗುಟ್ಟಿದಳು.

ಆ ದಿನ ವಾರ್ಡಿನಲ್ಲಿ ಜೊತೆಗಿದ್ದ ನನ್ನ ಹೆಂಡತಿ, ಹಾಗೇನೂ ಆಗಲೇ ಇಲ್ಲ ಅನ್ನುತ್ತಾಳೆ. ಅತ್ತೆ ಮಾತೇ ಆಡದೆ ಗೋಡೆಯ ಕಡೆ ಹೊರಳಿ ಮಲಗಿದಳಂತೆ. ನನ್ನ ನೆನಪನ್ನು ನಾನೂ ಎಂದೂ ನಂಬಿದವನಲ್ಲ. ಹೊರಳಿ ಮಲಗಿದ್ದು ನಿಜವೇ ಇರಬಹುದು. ಆದರೆ ನನ್ನ ಹೆಂಡತಿ ಹೇಳುವುದು ಅರ್ಧ ಕಥೆ.