ಹನ್ನೆರಡರೊಳಗೆ ಚಾವಣಿ

ಸಾವೊ ಹೊಸ ಮನೆಗೆ ಗೋಡೆ ಎಬ್ಬಿಸಿ ಆರು ವರ್ಷವಾಗಿತ್ತು. ಚಾವಣಿ ಹಾಕಿರಲಿಲ್ಲ. ಪರವಾನಗಿಯೂ ಇರಲಿಲ್ಲ. ಮಾಂಟೆನೆಗ್ರೊ ಕರಾವಳಿಯಲ್ಲಿ ಅದೇನೂ ನಾಚಿಕೆಯ ವಿಷಯವಲ್ಲ. ಸ್ಕಾಲಾ ಊರಿನ ಆ ಗುಡ್ಡದ ಮೇಲೆ ಪರವಾನಗಿ ಇದ್ದದ್ದು ಇಗರ್ಜಿಗೆ ಮಾತ್ರ, ಅದೂ ಆಸ್ಟ್ರಿಯಾದವರ ಕಾಲದ್ದು. ಬುಧವಾರ ಬೆಳಗ್ಗೆ ಏಳಕ್ಕೆ ನೆರೆಮನೆಯ ಲುಕ್ಷಾ ಕಾಫಿ ಹೀರುತ್ತ ಪತ್ರಿಕೆಯ ಮೂರನೇ ಪುಟ ತಿರುವಿದಾಗ ತೊಂದರೆ ಶುರುವಾಯಿತು.

"ಲೋ ಸಾವೊ, ಇವತ್ತು ಹನ್ನೆರಡಕ್ಕೆ ಪುರಸಭೆಯವ್ರ ಡ್ರೋನ್ ನಮ್ ಗುಡ್ಡದ ಫೋಟೊ ತೆಗೆಯುತ್ತಂತೆ. ಚಾವಣಿ ಕಂಡ್ರೆ ಮನೆ ಸಕ್ರಮ, ಕಾಣ್ದಿದ್ರೆ ನೆಲಸಮ."

"ನಾಳೆ ಹಾಕಿದ್ರೆ?"

"ನಾಳೆ ಬುಲ್ಡೋಜರ್ ಹತ್ರ ಕೇಳ್ಕೊ."

ಸಾವೊ ಮತ್ತು ಹೆಂಡತಿ ಯಾಗೊಡಾ ಒಂಬತ್ತು ವರ್ಷದಿಂದ ಅತ್ತೆ ಸ್ತಾನಾ ಅವರ ಅಡುಗೆಮನೆಯಲ್ಲಿ ಮಲಗುತ್ತಿದ್ದರು. ಅತ್ತೆ ಫ್ರಿಜ್ ತೆರೆಯಬೇಕಾದರೆ ಅಳಿಯ ಕಾಲು ಮಡಿಸಬೇಕಿತ್ತು. ಅತ್ತೆಗೆ ರಾತ್ರಿ ಎರಡು ಸಲ ಮೊಸರು ಬೇಕಾಗುತ್ತಿತ್ತು.

"ಇವತ್ತು ಚಾವಣಿ ಏಳ್ಲಿಲ್ಲ ಅಂದ್ರೆ ನೀವು ಫ್ರಿಜ್ ಒಳಗೇ ಮಲಗಿ," ಎಂದಳು ಯಾಗೊಡಾ.

ಸಾವೊ ಓಡಿದ. ಕಾಫಿ ಅಂಗಡಿಯಲ್ಲಿ ಮೇಸ್ತ್ರಿ ಮೆಹೊ ಮತ್ತು ಅವನ ಐದು ಜನ ಆಳುಗಳು ಇಸ್ಪೀಟು ಹಿಡಿದು ಕೂತಿದ್ದರು.

"ಆಗಸ್ಟ್‌ನಲ್ಲಿ ನೋಡೋಣ," ಎಂದ ಮೆಹೊ, ಸಾವೊ ಚಾವಣಿಯ ಮಾತೆತ್ತುತ್ತಲೇ.

"ಮೇಸ್ತ್ರಿ, ಹನ್ನೆರಡರೊಳಗೆ ಆಗ್ಬೇಕು."

"ಯಾರಿಂದಾದ್ರೂ ಆಗೋ ಕೆಲ್ಸಾನಾ ಅದು?"

"ಲುಕ್ಷಾನೂ ಅದೇ ಅಂದ. ಮೆಹೊಗೆ ವಯಸ್ಸಾಯ್ತು, ಅವನ ಕೈಲಿ ಆಗಲ್ಲ ಅಂದ."

ಲುಕ್ಷಾ ಹಾಗೆ ಅಂದಿರಲಿಲ್ಲ. ಆದರೆ ಮೆಹೊ ಇಸ್ಪೀಟೆಲೆ ಮೇಜಿಗೆ ಬಡಿದು ಎದ್ದ.

ಮರ, ಹೆಂಚು ನಾಲ್ಕು ವರ್ಷದಿಂದ ಅಂಗಳದಲ್ಲೇ ರಾಶಿ ಬಿದ್ದಿದ್ದವು. ಇಡೀ ಗುಡ್ಡ ಬಂದು ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸಿತು. ಪಾದ್ರಿಗಳು ನಿಲುವಂಗಿ ಸೊಂಟಕ್ಕೆ ಕಟ್ಟಿ ಏಣಿ ಹಿಡಿದರು. ಹೆಂಚಿನ ರಾಶಿ ಮದುವೆಮನೆಯ ಊಟದಂತೆ ಕರಗಿತು. ಸಾವೊನ ಹೆಬ್ಬೆರಳಿಗೆ ಮೂರು ಸಲ ಸುತ್ತಿಗೆ ಬಿತ್ತು, ಮೂರನೇ ಸಲ ಹೊಡೆದವನು ಲುಕ್ಷಾ. ಹನ್ನೊಂದೂವರೆಗೆ ಕೊನೆಯ ಹೆಂಚು ಕೂತಿತು. ಇಗರ್ಜಿಯ ಗಂಟೆಯನ್ನು ಯಾರೋ ಬಾರಿಸಿಯೇ ಬಿಟ್ಟರು.

ಆ ಊರಿನ ಪದ್ಧತಿಯಂತೆ ಚಾವಣಿ ಎದ್ದ ದಿನ ನೆಂಟರಿಷ್ಟರು ಮೇಸ್ತ್ರಿಗಳಿಗೆ ಅಂಗಿ, ಟವೆಲು ಉಡುಗೊರೆ ತಂದು ಚಾವಣಿಯ ಮೇಲೇ ಹರವಬೇಕು. ಎಷ್ಟು ಹರವಿದರೋ ಅಷ್ಟು ಮನೆತನದ ಮರ್ಯಾದೆ. ಸ್ತಾನಾ ಕೆಳಗೆ ನಿಂತು ಎಣಿಸಿದರು.

"ನಲವತ್ತು! ಲುಕ್ಷಾನ ಮನೆಗೆ ಬಂದಿದ್ದೂ ಅಷ್ಟೇ. ಇನ್ನೂ ತನ್ನಿ, ನಮ್ಮೋರೇನು ಗತಿ ಇಲ್ದೋರಾ?"

ಅವಮಾನ ತಡೆಯದೆ ಜನ ಮನೆಗೆ ಓಡಿದರು. ಪಟ್ಟೆಯವು, ಹೂವಿನವು, ಗಿಣಿ ಚಿತ್ರದವು, ಹೀಗೆ ಟವೆಲುಗಳು ಬರುತ್ತಲೇ ಇದ್ದವು. ಅರವತ್ತಮೂರನೆಯದಕ್ಕೆ ಚಾವಣಿಯಲ್ಲಿ ಅಂಗೈಯಗಲ ಜಾಗವೂ ಉಳಿಯಲಿಲ್ಲ. ದ್ರಾಕ್ಷಿ ಸಾರಾಯಿ ಮೇಲೇರಿತು. ಸೆಕೆಗೆ ಮೆಹೊ ಮತ್ತು ಆಳುಗಳು ಬೆವರಿನ ಅಂಗಿ ಕಿತ್ತೆಸೆದು ತಂತಮ್ಮ ಟವೆಲಿನ ಮೇಲೆ ಅಂಗಾತ ಮಲಗಿದರು. ಸರಿಯಾಗಿ ಹನ್ನೆರಡಕ್ಕೆ ಡ್ರೋನ್ ಜೇನುಹುಳುವಿನಂತೆ ಗುಂಯ್‌ಗುಟ್ಟುತ್ತ ಬಂತು. ಎಲ್ಲರೂ ಕೈಬೀಸಿದರು.

ಮೂರು ಗಂಟೆಗೆ ಸಾವೊ ಎದೆಯುಬ್ಬಿಸಿಕೊಂಡು ಪುರಸಭೆಗೆ ಹೋದ. ಗುಮಾಸ್ತೆ ವೇಸ್ನಾ ಕಂಪ್ಯೂಟರ್ ಪರದೆಯನ್ನು ಅವನತ್ತ ತಿರುಗಿಸಿದಳು.

"ನಿಮ್ ಜಾಗದಲ್ಲಿ ಮನೆ ಇಲ್ವಲ್ಲ ಯಜಮಾನ್ರೇ."

"ಇಲ್ವಾ? ಇದೇನಮ್ಮಾ ಮತ್ತೆ?"

"ಬೀಚು. ಅರವತ್ತಮೂರು ಟವೆಲು, ಆರು ಜನ ಬಿಸಿಲು ಕಾಯಿಸ್ಕೊಳ್ತಾ ಮಲಗಿದಾರೆ. ಯಂತ್ರ ತಾನೇ ಗುರುತಿಸಿ ದಾಖಲಿಸಿದೆ."

"ಸಮುದ್ರ ಎರಡು ಕಿಲೋಮೀಟರ್ ದೂರ ಇದೆ ತಾಯೀ!"

"ಹೂಂ, ಸಮುದ್ರ ಮಾತ್ರ ಸಿಕ್ಕಿಲ್ಲ. ಅದಕ್ಕೆ ರಾಜಧಾನಿಗೆ ಬರೀಬೇಕು. ಬೀಚು ಸರ್ಕಾರದ್ದು, ಅಲ್ಲಿ ಮನೆ ಸಕ್ರಮ ಮಾಡೋಕಾಗಲ್ಲ. ತಕರಾರಿದ್ರೆ ಮುಂದಿನ ಫೋಟೊದವರೆಗೆ ಕಾಯಿರಿ."

"ಅದ್ಯಾವಾಗ?"

"ಈ ಫೋಟೊ ತೆಗೆಯೋಕೇ ಎಂಟು ವರ್ಷ ಹಿಡೀತು. ಅಲ್ಲೀವರೆಗೆ ಯಾರೂ ವಾಸ ಇರೋ ಹಾಗಿಲ್ಲ. ಬೀಚಲ್ಲಿ ರಾತ್ರಿ ಮಲಗೋದು ನಿಷಿದ್ಧ."

ಮೊಹರು ಬಿದ್ದ ಹಾಳೆ ಹಿಡಿದು ಸಾವೊ ಗುಡ್ಡ ಹತ್ತಿದ. ಅಂಗಳದಲ್ಲಿ ಕೆಂಡದ ಮೇಲೆ ಕುರಿ ಬೇಯುತ್ತಿತ್ತು, ಅಕಾರ್ಡಿಯನ್ ಮೊಳಗುತ್ತಿತ್ತು. ಅವನ ಮುಖ ನೋಡಿ ವಾದ್ಯ ನಿಂತಿತು. ಅವನು ಎಲ್ಲವನ್ನೂ ಹೇಳಿದ.

ಸ್ತಾನಾ ಕನ್ನಡಕ ಏರಿಸಿ ಹಾಳೆ ಕಸಿದುಕೊಂಡರು.

"ಟವೆಲು ಎಷ್ಟು ಅಂತ ಬರ್ದಿದಾರೆ?"

"ಅರವತ್ತಮೂರು, ಅತ್ತೆ."

"ಸರ್ಕಾರದ ಮೊಹರು ಇದೆಯಾ?"

"ಇದೆ."

"ನೋಡೋ ಲುಕ್ಷಾ!" ಅತ್ತೆ ಹಾಳೆಯನ್ನು ಬಾವುಟದಂತೆ ಎತ್ತಿ ಹಿಡಿದರು. "ನಿನ್ ನಲವತ್ತಕ್ಕೆ ಮೊಹರು ಬಿತ್ತೇನೋ?"

ಗುಡ್ಡವೇ ಹೋ ಎಂದಿತು. ಲುಕ್ಷಾ ತಲೆ ತಗ್ಗಿಸಿದ. ಮೆಹೊನ ಆಳುಗಳು ಸಾವೊನನ್ನು ಹೆಗಲ ಮೇಲೆ ಹೊತ್ತು ಅಂಗಳ ಸುತ್ತಿ, ಮೆರವಣಿಗೆಯಲ್ಲಿ ಕರೆದೊಯ್ದು, ಜಯಘೋಷದೊಂದಿಗೆ ಅತ್ತೆಯ ಅಡುಗೆಮನೆಯಲ್ಲಿ ಇಳಿಸಿದರು.

ಹಿಂದೆಯೇ ಬಂದ ಸ್ತಾನಾ ಅವನ ಕೆನ್ನೆ ಸವರಿದರು. ಒಂಬತ್ತು ವರ್ಷದಲ್ಲಿ ಅದೇ ಮೊದಲು.

"ಮನೆತನದ ಮಾನ ಉಳಿಸ್ದೆ ಕಣೋ ಅಳಿಯಾ," ಎಂದರು. "ಈಗ ಸ್ವಲ್ಪ ಕಾಲು ಮಡಿಸು, ಮೊಸರು ತಗೋಬೇಕು."