ಹಳೇ ವ್ಯಾನಿಗೆ ಹೊಸ ಮೀಟರು

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಅಂಗಡಿ ಇಟ್ಟುಕೊಂಡವನಿಗೆ ಟಿವಿ ಬೇಕಾಗಿಲ್ಲ. ಬೆಳಗ್ಗೆ ಷಟರ್ ಎತ್ತಿದರೆ ಸಾಕು, ಧಾರಾವಾಹಿ ತಾನಾಗೇ ಗಾಡಿ ಓಡಿಸಿಕೊಂಡು ಬರುತ್ತೆ. ಅದರಲ್ಲೂ ಹಳೇ ಗಾಡಿಗೆ ಹೊಸ ಡಿಜಿಟಲ್ ಮೀಟರ್ ಹಾಕಿಸೋ ಹುಚ್ಚು ಊರಿಗೆ ಹಿಡಿದ ಮೇಲಂತೂ ಕೇಳಲೇಬೇಡಿ. ಮೀಟರ್ ಅಂದರೆ ಸ್ಟೇರಿಂಗ್ ಮುಂದೆ ಸ್ಪೀಡು, ಪೆಟ್ರೋಲು, ಇಂಜಿನ್ ಬಿಸಿ ಎಲ್ಲ ತೋರಿಸುತ್ತಲ್ಲ, ಅದು. ಗುಜರಿಗೆ ಬಂದ ಹೊಸ ಕಾರಿನಿಂದ ಅದನ್ನು ಬಿಚ್ಚಿ, ಮುದಿ ಗಾಡಿಗೆ ಕೂರಿಸಿ, ಬಣ್ಣಬಣ್ಣದ ಲೈಟು ಬರೋ ಹಾಗೆ ಮಾಡಿಕೊಡೋದು ನನ್ನ ಕೆಲಸ. ಅಜ್ಜನಿಗೆ ಮೊಮ್ಮಗನ ಕನ್ನಡಕ ಹಾಕಿದ ಹಾಗೆ ಇದು. ಹಾಕಿದ ಮೇಲೆ ಏನೇನು ಕಾಣುತ್ತೋ ದೇವರೇ ಬಲ್ಲ.

ಮನೆಗೆ ಮಾರಿ

ಊರಿನ ಗಾಡಿಗೆಲ್ಲ ಮೀಟರ್ ಹಾಕೋ ನನ್ನ ಸ್ವಂತ ವ್ಯಾನಿಗೇ ಮೀಟರ್ ಇರಲಿಲ್ಲ. ಇತ್ತು, ಸತ್ತಿತ್ತು. ಮುಳ್ಳು ಸೊನ್ನೆಯ ಮೇಲೆ ಮಲಗಿ ವರ್ಷಗಳೇ ಆಗಿದ್ದವು. ಆದರೆ ನನಗೇನೂ ತೊಂದರೆ ಇರಲಿಲ್ಲ, ಯಾಕೆಂದರೆ ಪಕ್ಕದ ಸೀಟಿನಲ್ಲಿ ನನ್ನ ಹೆಂಡತಿ ಇರುತ್ತಿದ್ದಳು.

"ಎಡಗಡೆ ಕನ್ನಡಿ ನಡುಗಿದರೆ ನಲವತ್ತು. ಬಾಗಿಲು ಬಡಿದರೆ ಐವತ್ತು. ನನ್ನ ಬಳೆ ಸದ್ದು ಮಾಡಿದರೆ ಅರವತ್ತು. ಅದಕ್ಕೂ ಮೇಲೆ ಹೋದರೆ ನಾನೇ ಸದ್ದು ಮಾಡ್ತೀನಿ" ಅಂತ ಅವಳ ಲೆಕ್ಕ.

ಅವಳ ಬಗ್ಗೆ ಇನ್ನೊಂದು ವಿಷಯ ಹೇಳಿಬಿಡಬೇಕು. ಮದುವೆಯಾದಾಗಿನಿಂದ ಅವಳು ನನ್ನ ಹೆಸರು ಬಾಯಿಬಿಟ್ಟು ಹೇಳಿದವಳಲ್ಲ. ನಾನು ಅವಳ ಪಾಲಿಗೆ ಬರೀ "ರೀ". ಆಸ್ಪತ್ರೆಯಲ್ಲಿ "ಗಂಡನ ಹೆಸರೇನಮ್ಮ?" ಅಂದರೆ ನನ್ನ ಕಡೆ ತಿರುಗಿ "ರೀ, ಹೇಳ್ರೀ" ಅಂತಾಳೆ. ಆದರೆ ಆ ಒಂದೇ ಅಕ್ಷರದಲ್ಲಿ ಎಷ್ಟು ರಾಗ! ಕಾಫಿ ಆಯ್ತು ಅನ್ನೋ ರೀ ಬೇರೆ, ಗ್ಯಾಸ್ ಮುಗೀತು ಅನ್ನೋ ರೀ ಬೇರೆ, ನಿಮ್ಮ ಪ್ಯಾಂಟಿನ ಗ್ರೀಸು ನನ್ನ ಬೆಡ್‌ಶೀಟಿಗೆ ಹತ್ತಿದೆ ಅನ್ನೋ ರೀ ಬೇರೆ.

ಹೀಗಿರುವಾಗ ಭದ್ರಾವತಿಯಲ್ಲಿ ನನ್ನ ಬಾವಮೈದ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಕರೆಯೋಕೆ ಬಂದವನು ನನ್ನ ವ್ಯಾನಿನೊಳಗೆ ಇಣುಕಿ ನೋಡಿ, "ಭಾವ, ಇದನ್ನ ನನ್ನ ಹೊಸ ಮನೆ ಮುಂದೆ ನಿಲ್ಲಿಸಬೇಡಿ. ಗುಜರಿಯವನು ಬಂದ ಅಂತ ಬೀದಿಯವರೆಲ್ಲ ತೂತು ಬಿದ್ದ ಪಾತ್ರೆ ತಂದು ಹಾಕ್ತಾರೆ" ಅಂದ.

ಅವನು ಹೋದ ಮೇಲೆ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಮನೆಗೆ ಮಾರಿ, ಊರಿಗೆ ಉಪಕಾರಿ ಅಂದರೆ ನೀವೇ. ಗೃಹಪ್ರವೇಶದ ಹೊತ್ತಿಗೆ ಈ ವ್ಯಾನಿಗೆ ಹೊಸ ಮೀಟರ್ ಇರಬೇಕು. ತವರಲ್ಲಿ ನನ್ನ ಮರ್ಯಾದೆ ಹೋಗೋ ಹಾಗಾದರೆ ನಾನು ಬಸ್ಸಲ್ಲಿ ಹೋಗ್ತೀನಿ, ಬಸ್ಸಲ್ಲೂ ವಾಪಸ್ ಬರಲ್ಲ."

ಸರಿ ಅಂತ ಮಾತು ಕೊಟ್ಟೆ. ಕೊಟ್ಟೆ ಏನೋ ನಿಜ, ಆದರೆ ಗಿರಾಕಿಗಳು ಬಿಡಬೇಕಲ್ಲ.

ತುಂಬುತ್ತಾ ಹೋದ ಟ್ಯಾಂಕು

ಭದ್ರಾವತಿಯ ಕಾರ್ಖಾನೆಯಿಂದ ರಿಟೈರ್ ಆದ ಒಬ್ಬ ಹಿರಿಯರು. ಮನೆಮಾತು ತಮಿಳು, ನನ್ನನ್ನು ಕರೆಯೋದು ತಂಬಿ ಅಂತ. ಅವರ ಹಳೇ ಕಾರಿಗೆ ಹೊಸ ಮೀಟರ್ ಹಾಕಿ ಕಳಿಸಿದೆ. ಮಾರನೇ ದಿನ ಫೋನು.

"ತಂಬಿ, ನಿನ್ನ ಕೈಗೆ ಚಿನ್ನದ ಬಳೆ ಹಾಕಬೇಕು! ನಿನ್ನೆ ಪೆಟ್ರೋಲು ಎರಡು ಕಡ್ಡಿ ತೋರಿಸ್ತಿತ್ತು. ಶಿವಮೊಗ್ಗದಿಂದ ಮನೆಗೆ ಬರೋ ಹೊತ್ತಿಗೆ ನಾಲ್ಕು ಕಡ್ಡಿ ಆಗಿದೆ. ಓಡಿಸಿದಷ್ಟೂ ಏರ್ತಾ ಇದೆ! ಮುರುಗನ ಕೃಪೆ!"

ಏನಾಗಿದೆ ಅಂತ ನನಗೆ ಕೂಡಲೇ ಗೊತ್ತಾಯ್ತು. ಹಳೇ ಗಾಡಿಯ ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲಿ ಮಟ್ಟ ಹೇಳೋ ಬುರುಡೆಯ ಲೆಕ್ಕಕ್ಕೂ ಹೊಸ ಮೀಟರಿನ ಲೆಕ್ಕಕ್ಕೂ ಕೆಲವು ಸಲ ತಲೆಕೆಳಗು. ಖಾಲಿ ಅಂದರೆ ಫುಲ್ ಅಂತ ತೋರಿಸುತ್ತೆ, ಫುಲ್ ಅಂದರೆ ಖಾಲಿ. ಅದನ್ನು ಸರಿ ಮಾಡೋದು ಮರೆತಿದ್ದೆ.

"ಸಾರ್, ಗಾಡಿ ಹೊರಗೆ ತೆಗೀಬೇಡಿ, ನಾನೇ ಬರ್ತೀನಿ" ಅಂದೆ.

"ಹೊರಗೇ ಇದೀನಿ ತಂಬಿ. ಇನ್ನೊಂದೇ ಕಡ್ಡಿ ಬಾಕಿ. ಒಂದು ರೌಂಡ್ ಹೊಡೆದರೆ ತುಂಬಿಬಿಡುತ್ತೆ" ಅಂತ ಫೋನಿಟ್ಟರು.

ನಾನು ಬೈಕಿಗೆ ಪೆಟ್ರೋಲ್ ಕ್ಯಾನ್ ಕಟ್ಟೋ ಹೊತ್ತಿಗೆ ಮತ್ತೆ ಫೋನು. ಈ ಸಲ ದನಿ ಸಣ್ಣದಾಗಿತ್ತು.

"ತಂಬಿ, ಟ್ಯಾಂಕ್ ಫುಲ್ ಆಯ್ತು. ಗಾಡಿ ನಿಂತುಹೋಯ್ತು."

ನೂರರ ಜೀಪು

ರಾಗಿಗುಡ್ಡದ ಕಡೆಯ ಒಬ್ಬ ಕಂಟ್ರಾಕ್ಟರು, ಮೀಸೆ ದೊಡ್ಡದು, ಜೀಪು ಮೀಸೆಗಿಂತ ಹಳೇದು. "ನನ್ನ ಜೀಪು ನೂರರಲ್ಲಿ ಹೋಗುತ್ತೆ ಮಾರಾಯ" ಅಂತ ಹೇಳದೆ ಅವರು ಟೀ ಕುಡಿದದ್ದೇ ಇಲ್ಲ. ಅವರೂ ಹೊಸ ಮೀಟರ್ ಹಾಕಿಸಿದರು. ಗೆಳೆಯರನ್ನು ತುಂಬಿಕೊಂಡು ಒಂದು ಸುತ್ತು ಹೋದರು. ವಾಪಸ್ ಬರುವಾಗ ಗೆಳೆಯರೆಲ್ಲ ನಗುತ್ತಿದ್ದರು, ಮೀಸೆ ಮಾತ್ರ ಇಳಿದಿತ್ತು.

"ಏನಯ್ಯ ಇದು? ಪೂರ್ತಿ ಒತ್ತಿದರೂ ಐವತ್ತು ದಾಟಲ್ಲ! ನಿನ್ನ ಮೀಟರ್ ಸುಳ್ಳು ಹೇಳುತ್ತೆ."

ಫೋನಿನಲ್ಲಿ ಸ್ಪೀಡು ತೋರಿಸೋ ಆಪ್ ಹಾಕಿ ಜೊತೆಗೆ ಕೂತೆ. ಅದೂ ಐವತ್ತೇ ಅಂತು.

"ನಿನ್ನ ಫೋನೂ ಸುಳ್ಳು" ಅಂದರು.

ಕೊನೆಗೆ ಮೂಲೆಯಲ್ಲಿ ಬಿದ್ದಿದ್ದ ಅವರ ಹಳೇ ಮೀಟರ್ ತಂದು, ಹಿಂದಿನ ಕೇಬಲ್ಲನ್ನು ಡ್ರಿಲ್ಲಿನಿಂದ ಒಂದೇ ವೇಗದಲ್ಲಿ ತಿರುಗಿಸಿ ತೋರಿಸಿದೆ. ಅದರ ಮುಳ್ಳು ಮೈಮೇಲೆ ದೇವರು ಬಂದವರ ಹಾಗೆ ಇಪ್ಪತ್ತರಿಂದ ನೂರರವರೆಗೆ ಕುಣಿಯುತ್ತಿತ್ತು. ಇವರು ಇಷ್ಟು ವರ್ಷ ಅದರ ಮೇಲಿನ ತುದಿ ಮಾತ್ರ ಓದಿಕೊಂಡಿದ್ದರು. ಕಂಟ್ರಾಕ್ಟರು ಅದನ್ನು ಎರಡೂ ಕೈಯಲ್ಲಿ ತಗೊಂಡು ಅಂಗಿ ತುದಿಯಿಂದ ಧೂಳು ಒರೆಸಿದರು.

"ಇದನ್ನೇ ವಾಪಸ್ ಹಾಕು. ಹೊಸದು ಸ್ಪೀಡು ತೋರಿಸುತ್ತೆ, ಸರಿ. ಇದು ಮರ್ಯಾದೆ ತೋರಿಸ್ತಿತ್ತು."

ಎರಡೇ ನಿಮಿಷ

ನಮ್ಮ ಊರಿನ ಪ್ರೈವೇಟ್ ಸಿಟಿ ಬಸ್ಸು ಹತ್ತಿದವರಿಗೆ ಗೊತ್ತು, ಕಂಡಕ್ಟರ್ ಬಾಯಲ್ಲಿ "ಎರಡೇ ನಿಮಿಷ, ಹೊರಟೇಬಿಟ್ವಿ" ಅನ್ನೋದು ಒಂದು ಮಂತ್ರ. ಸೀಟು ತುಂಬೋವರೆಗೂ ಆ ಎರಡು ನಿಮಿಷ ಮುಗಿಯಲ್ಲ. ಅಂಥ ಒಂದು ಬಸ್ಸಿಗೆ ನಾನು ಹೊಸ ಮೀಟರ್ ಹಾಕಿದೆ. ನಡುವೆ ಅಂಗೈ ಅಗಲದ ಗಡಿಯಾರ, ಹಿಂದಿನ ಸೀಟಿನವರಿಗೂ ಕಾಣೋ ಹಾಗೆ ಹೊಳೆಯುತ್ತಿತ್ತು. ಡ್ರೈವರ್ ಖುಷಿಯಾಗಿ ಹೋದ.

ಎರಡು ದಿನಕ್ಕೆ ಕಂಡಕ್ಟರ್ ಓಡಿ ಬಂದ. "ಅಣ್ಣಾ, ಹೊಟ್ಟೆ ಮೇಲೆ ಹೊಡೆದ್ಯಲ್ಲ! ನಾನು ಎರಡು ನಿಮಿಷ ಅಂದರೆ ಸಾಕು, ಇಡೀ ಬಸ್ಸು ಗಡಿಯಾರ ನೋಡಿ ಒಂದು, ಎರಡು ಅಂತ ಎಣಿಸುತ್ತೆ. ಕಾಲೇಜು ಹುಡುಗಿಯರಂತೂ ಮುಗಿದ ಕೂಡಲೇ ಚಪ್ಪಾಳೆ ಹೊಡೀತಾರೆ. ಅದನ್ನ ಆಫ್ ಮಾಡು."

ಗಡಿಯಾರ ಆಫ್ ಮಾಡಿದರೆ ಮೀಟರೇ ಆಫ್ ಆಗುತ್ತೆ ಅಂದೆ. ಅವನು ತಲೆ ಕೆರೆದುಕೊಂಡು ಹೋದ. ಆಮೇಲೊಂದು ದಿನ ನಾನೇ ಆ ಬಸ್ಸು ಹತ್ತಿದರೆ, ಮೀಟರಿನ ಮೇಲೆ ಸರಿಯಾಗಿ ಗಡಿಯಾರ ಮುಚ್ಚೋ ಹಾಗೆ ದಪ್ಪ ಮಲ್ಲಿಗೆ ಹಾರ. ಮುಂದಿನ ಸೀಟಿನ ಅಜ್ಜಿ ಕೈ ಮುಗಿದು, "ಯಾವ ದೇವರಪ್ಪ ಇದು?" ಅಂದರು.

"ಕಾಲಭೈರವ ಅಜ್ಜಿ" ಅಂದ ಕಂಡಕ್ಟರ್. "ಕೂತ್ಕೊಳ್ಳಿ, ಎರಡೇ ನಿಮಿಷ."

ಲತಾ

ಇಷ್ಟೆಲ್ಲದರ ನಡುವೆ ಗೃಹಪ್ರವೇಶ ಹತ್ತಿರ ಬಂತು. ಹೆಂಡತಿಯ ರೀ ದಿನದಿನಕ್ಕೂ ಗಿಡ್ಡವಾಗುತ್ತಾ ಬಂತು. ಅಂಗಡಿ ಪಕ್ಕದಲ್ಲಿ ಹಳೇ ಬಿಡಿಭಾಗ ಮಾರೋ ಭಾಯ್ ಇದ್ದಾರೆ, ನನ್ನ ಕಷ್ಟಸುಖದ ಗೆಳೆಯ. ಅವರೇ ಒಂದು ಮೀಟರ್ ತಂದುಕೊಟ್ಟರು. "ಅಣ್ಣಾ, ಎಕ್ದಂ ನಯಾ, ಹೊಸದೇ. ಒಬ್ಬರು ಮೇಡಂ ಕಾರಿಂದು. ಹಿಂದಿನಿಂದ ಲಾರಿ ತಾಗಿ ಕಾರು ಗುಜರಿಗೆ ಬಂತು, ಮೇಡಮ್ಮಿಗೆ ಏನೂ ಆಗಿಲ್ಲ. ಮನೇಲಿ ಭಾಬಿ ನೋಡಿದರೆ ಫಿದಾ ಆಗಿಬಿಡ್ತಾರೆ."

ಕೂರಿಸಿದೆ. ಸ್ಪೀಡು ಸರಿ, ಪೆಟ್ರೋಲು ಸರಿ, ಈ ಸಲ ತಲೆಕೆಳಗಾಗದ ಹಾಗೆ ಎರಡೆರಡು ಸಲ ನೋಡಿದೆ. ಬಾಗಿಲಿನ ವೈರು ಒಂದು ಬಾಕಿ ಇತ್ತು, ಅದನ್ನು ಗೃಹಪ್ರವೇಶದ ದಿನ ಬೆಳಗ್ಗೆ ಮನೆ ಮುಂದೆ ನಿಂತೇ ಸೇರಿಸಿದೆ. ಹೆಂಡತಿ ರೇಷ್ಮೆ ಸೀರೆ ಉಟ್ಟು ಮನೆಗೆ ಬೀಗ ಹಾಕುತ್ತಿದ್ದಳು. ನಾನು ಬಾಗಿಲು ತೆಗೆದು ಒಳಗೆ ಕೂತು, ಬಾಗಿಲು ಹಾಕಿ, ಕೀ ತಿರುಗಿಸಿದೆ. ಸಣ್ಣದೊಂದು ಸಂಗೀತ ಬಂತು. ಮೀಟರಿನ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರ ಬೆಳಗಿತು:

ಹಲೋ ಲತಾ.

ಅಯ್ಯೋ ಶಿವನೇ! ಹಳೇ ಮೇಡಮ್ಮಿನ ಹೆಸರು ಅದರೊಳಗೇ ಉಳಿದುಬಿಟ್ಟಿದೆ. ಬಾಗಿಲಿನ ವೈರು ಸೇರಿಸಿದರೆ ಮಾತ್ರ ಅದು ಬಾಯಿ ಬಿಡೋದು. ಹೆಂಡತಿ ಬಂದು ಪಕ್ಕದಲ್ಲಿ ಕೂರೋ ಹೊತ್ತಿಗೆ ಅಕ್ಷರ ಮಾಯವಾಗಿತ್ತು, ಪುಣ್ಯ. "ರೀ, ಎಷ್ಟು ಚೆನ್ನಾಗಿದೆ!" ಅಂತ ಮೀಟರ್ ಸವರಿದಳು. ಆಗಲೇ ಹೇಳಿಬಿಡಬಹುದಿತ್ತು. ಆದರೆ ರೇಷ್ಮೆ ಸೀರೆ ಉಟ್ಟು ತವರಿಗೆ ಹೊರಟ ಹೆಂಡತಿಯ ಮುಂದೆ ಲತಾ ಅನ್ನೋ ಹೆಸರೆತ್ತೋ ಧೈರ್ಯ ಯಾವ ಗಂಡಸಿಗಿದೆ, ನೀವೇ ಹೇಳಿ. ಒಂದೇ ದಾರಿ: ಭದ್ರಾವತಿ ಮುಟ್ಟೋವರೆಗೂ ಗಾಡಿ ಆಫ್ ಮಾಡಬಾರದು. ಅಲ್ಲಿ ಯಾರೂ ಇಲ್ಲದಾಗ ಆ ವೈರು ಕಿತ್ತುಹಾಕೋದು.

ಹೂವಿನಂಗಡಿ ಮುಂದೆ ನಿಲ್ಲಿಸಿದಾಗ ಆಫ್ ಮಾಡಲಿಲ್ಲ. ಸ್ವೀಟ್ ಅಂಗಡಿ ಮುಂದೆ ಆಫ್ ಮಾಡಲಿಲ್ಲ. ಆಮೇಲೆ ರೈಲ್ವೆ ಗೇಟ್ ಹಾಕಿತ್ತು. ಎಲ್ಲರೂ ಇಂಜಿನ್ ಆಫ್ ಮಾಡಿ ಕೂತಿದ್ದಾರೆ, ನಮ್ಮದೊಂದೇ ಗಡಗಡ ಅಂತಿದೆ.

"ರೀ, ಆಫ್ ಮಾಡ್ರೀ."

"ಬ್ಯಾಟರಿ ವೀಕು ಕಣೇ. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲ್ಲ."

"ನೀವು ಗಾಡಿಗಳ ವೈರಿಂಗ್ ಅಂಗಡಿಯವರೇ ತಾನೇ?" ಅಂದಳು.

ನಾನು ರೈಲಿನ ಬೋಗಿ ನೋಡುತ್ತಾ ಕೂತೆ.

ಹೊಸ ಮನೆ ಮುಂದೆ ಬಂದು ನಿಲ್ಲಿಸಿ, ಆಫ್ ಮಾಡದೆ ಇಳಿದು, ಇನ್ನೇನು ವೈರಿಗೆ ಕೈ ಹಾಕಬೇಕು, ಬಾವಮೈದ ಓಡಿ ಬಂದ. "ಭಾವ, ಮೀಟರ್ ಹಾಕಿದ್ರಾ! ಅಮ್ಮಾ, ಬಾ ಇಲ್ಲಿ!" ಅತ್ತೆ ಕುಂಕುಮದ ಬಟ್ಟಲು ಹಿಡಿದುಕೊಂಡೇ ಬಂದರು. "ಹೊಸ ವಸ್ತು, ಒಂದು ಬೊಟ್ಟು ಇಡೋಣ" ಅಂದರು. ನೆಂಟರೂ ಸುತ್ತ ಸೇರಿದರು. ಹೆಂಡತಿ ಹೆಮ್ಮೆಯಿಂದ ತಲೆ ಎತ್ತಿ ನಿಂತಿದ್ದಳು. ನಾನು ತಡೆಯೋಕೆ ಮುಂಚೆ ಬಾವಮೈದ ಕೀ ಆಫ್ ಮಾಡಿ, ಸೀಟಿನಲ್ಲಿ ಕೂತು, ಬಾಗಿಲು ಎಳೆದುಕೊಂಡು, ಮತ್ತೆ ತಿರುಗಿಸಿದ. ಸಂಗೀತ ಬಂತು.

"ಹಲೋ... ಲತಾ" ಅಂತ ಗಟ್ಟಿಯಾಗಿ ಓದಿದ. "ಭಾವ, ಲತಾ ಯಾರು?"

ಅತ್ತೆಯ ಕುಂಕುಮದ ಬೆರಳು ಅಲ್ಲೇ ನಿಂತಿತು. ಹೆಂಡತಿ ನನ್ನ ಕಡೆ ತಿರುಗಿದಳು.

"ರೀ."

ಈ ರಾಗ ನಾನು ಕೇಳಿಯೇ ಇರಲಿಲ್ಲ. "ಹಳೇ ಓನರ್ ಕಣೇ, ಆಣೆ ಮಾಡ್ತೀನಿ, ಬೇಕಾದರೆ ಭಾಯ್‌ನ ಕೇಳು!" ಅಂತ ಫೋನು ಹಚ್ಚಿ, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. ನಾನು ಬಾಯಿ ತೆರೆಯೋ ಮೊದಲೇ ಭಾಯ್ ಶುರು ಮಾಡಿದರು.

"ಕ್ಯಾ ಅಣ್ಣಾ, ಲತಾ ಹೆಂಗಿದಾಳೆ? ಭಾಬಿಗೆ ತೋರಿಸಿದ್ರಾ? ಒಪ್ಪಿದ್ರಾ?"

ನೆಂಟರಲ್ಲಿ ಯಾರೋ ಕಿಸಕ್ ಅಂದರು. ಅತ್ತೆ ಅಲ್ಲೇ ಜಗಲಿ ಮೇಲೆ ಕೂತುಬಿಟ್ಟರು. "ಭಾಯ್, ಸ್ಪೀಕರಲ್ಲಿದೀರ! ಮೀಟರ್ ಅಂತ ಹೇಳಿ, ಮೀಟರ್!" ಅಂತ ಕೂಗಿದೆ. ಆ ಕಡೆ ಸ್ಪ್ಯಾನರ್ ಬಿದ್ದ ಸದ್ದಾಯ್ತು. ಆಮೇಲೆ, "ಯಾ ಅಲ್ಲಾ! ಭಾಬಿ, ಮೀಟರ್ರೀ ಅದು! ಮೇಡಂ ಹೆಸರು ಒಳಗೆ ಉಳಿದಿದೆ. ಕಾರಿಂದ ಬಿಚ್ಚುವಾಗಲೇ ನಾನು ನೋಡಿದ್ದೆ, ಅಣ್ಣಂಗೂ ಗೊತ್ತಿರುತ್ತೆ ಅಂದ್ಕೊಂಡೆ" ಅಂತ ಭಾಯ್ ಇಡೀ ಕಥೆ, ಲಾರಿ ತಾಗಿದ್ದರಿಂದ ಹಿಡಿದು, ಹೇಳಿದರು. ಹೆಂಡತಿ ತುಟಿ ಬಿಗಿಹಿಡಿದು ನಿಂತಿದ್ದವಳು ಭಾಯ್ ಗಾಬರಿ ಕೇಳಿ ಫಕ್ಕನೆ ನಕ್ಕಳು. ಆ ನಗು ಕೇಳಿದ ಮೇಲೆ ನನಗೆ ಉಸಿರು ಬಂತು ನೋಡಿ.

"ಆದರೆ ಆ ಹೆಸರು ಹೊತ್ಕೊಂಡು ಈ ವ್ಯಾನು ನಮ್ಮನೆಗೆ ವಾಪಸ್ ಬರೋ ಹಾಗಿಲ್ಲ" ಅಂದಳು.

ಬಾವಮೈದನ ಮಗಳು ಕಾಲೇಜು ಓದೋಳು. ತನ್ನ ಫೋನನ್ನು ಮೀಟರಿಗೆ ಜೋಡಿಸಿ, ಅದೇನೋ ಒತ್ತಿ, ಲತಾಳನ್ನು ಅಳಿಸಿಯೇಬಿಟ್ಟಳು. ನನ್ನ ಹೆಂಡತಿ ಕಡೆ ತಿರುಗಿ, "ಅತ್ತೆ, ಹೊಸ ಹೆಸರು ಕೇಳ್ತಿದೆ. ಯಾರದ್ದು ಹಾಕಲಿ?"

"ಓಡಿಸೋರದ್ದು ಹಾಕು."

"ಅಂದರೆ ಯಾರದ್ದು? ಹೆಸರು ಹೇಳಿ ಅತ್ತೆ!"

ಅಷ್ಟು ಸಿಕ್ಕಿದ್ದೇ ತಡ, ನೆಂಟರಿಗೆಲ್ಲ ಮದುವೆ ಮನೆ ನೆನಪಾಯ್ತು. "ಗಂಡನ ಹೆಸರು ಹೇಳು! ಹೇಳದಿದ್ದರೆ ಒಳಗೆ ಬಿಡಲ್ಲ!" ಅಂತ ಬಾಗಿಲಿಗೆ ಅಡ್ಡ ನಿಂತರು. ಹೆಂಡತಿಯ ಮುಖ ಅತ್ತೆಯ ಕೈಯಲ್ಲಿದ್ದ ಕುಂಕುಮದಷ್ಟೇ ಕೆಂಪಾಯ್ತು. ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಕೊನೆಗೆ ನನ್ನ ಕಡೆ ತಿರುಗಿದಳು.

"ರೀ..."

"ಸರಿ ಅತ್ತೆ" ಅಂದಳು ಹುಡುಗಿ, ಒತ್ತಿಬಿಟ್ಟಳು.

ಅವತ್ತಿನಿಂದ ನನ್ನ ವ್ಯಾನಿನ ಕೀ ತಿರುಗಿಸಿದರೆ ಸಂಗೀತ ಬಂದು ಮೀಟರಿನ ಮೇಲೆ "ಹಲೋ ರೀ" ಅಂತ ಬೆಳಗುತ್ತೆ. ಬದಲಾಯಿಸೋಕೆ ಹೆಂಡತಿ ಬಿಟ್ಟಿಲ್ಲ, ನನಗೂ ಮನಸ್ಸಿಲ್ಲ. ಮೊನ್ನೆ ಬೆಳಗ್ಗೆ ಅದೇ ಬೆಡ್‌ಶೀಟಿನ ಗ್ರೀಸಿಗೆ ನಮ್ಮಿಬ್ಬರಿಗೂ ಜೋರು ಜಗಳ. ಅವಳು ಮಾತು ಬಿಟ್ಟಳು, ನಾನು ತಿಂಡಿ ಬಿಟ್ಟೆ. ಸಿಟ್ಟಲ್ಲಿ ಬಂದು ವ್ಯಾನಿನಲ್ಲಿ ಕೂತು ಕೀ ತಿರುಗಿಸಿದೆ. ಮೀಟರಿನ ಮೇಲೆ "ಹಲೋ ರೀ" ಬೆಳಗಿತು. ಅಭ್ಯಾಸ ನೋಡಿ, ಬಾಯಿಂದ ತಾನಾಗೇ "ಬಂದೆ ಕಣೇ" ಅಂತ ಹೊರಟುಹೋಯ್ತು.

ಅಡುಗೆಮನೆ ಕಿಟಕಿಯಿಂದ ಕೂಡಲೇ ದನಿ ಬಂತು:

"ಯಾರಿಗ್ರೀ ಅದು, ಬಂದೆ ಕಣೇ ಅಂತಿರೋದು?"